ಮೂರು ಕಂಪ್ರೆಸರ್, ಒಂದು ಶೆಡ್ಡು

ಮೊದಲೇ ಹೇಳಿಬಿಡುತ್ತೇನೆ, ಗಾಳಿ ತುಂಬುವ ಮೂರು ಕಂಪ್ರೆಸರ್ ಬಳಸಿ ನೋಡಿದ ಮೇಲೆ ನನ್ನ ಓಟು ಬೆಲ್ಟ್ ಹಾಕಿದ ಹಳೇದಕ್ಕೆ. ನೋಡಲು ಚೆಂದ ಇಲ್ಲ. ಇಬ್ಬರು ಹಿಡಿಯದೆ ಜಾಗ ಬಿಟ್ಟು ಅಲ್ಲಾಡುವುದಿಲ್ಲ. ಟ್ಯಾಂಕಿನ ಮೇಲೆ ಯಾವುದೋ ಪಂಚರ್ ಅಂಗಡಿಯ ಹೆಸರು ಅರ್ಧ ಅಳಿಸಿ ಹೋಗಿದೆ. ಆದರೂ ಅದಕ್ಕೇ. ಯಾಕೆ ಅಂತ ಹೇಳಬೇಕಾದರೆ ಅದಕ್ಕೂ ಮೊದಲು ಹೊಸದು ಕೊಂಡು ಕೈ ಸುಟ್ಟುಕೊಂಡಿದ್ದನ್ನು ಹೇಳಬೇಕು.

ನಮ್ಮದು ಸಕಲೇಶಪುರ ತಾಲ್ಲೂಕಿನ ಹಾನುಬಾಳಿನ ಕಡೆ ಸಣ್ಣ ಕಾಫಿ ತೋಟ. ಜೀಪು, ಎರಡು ಬೈಕು, ಗೊಬ್ಬರ ತಳ್ಳುವ ಕೈಗಾಡಿ, ಇಷ್ಟಕ್ಕೂ ಗಾಳಿ ಬೇಕು. ಕಳೆ ಹೊಡೆಯುವ ಮೆಷಿನ್ನಿನ ಫಿಲ್ಟರ್ ಊದಬೇಕು, ಕಾರ್ಬೊರೇಟರ್ ಜೆಟ್ಟಿಗೆ ಕಸ ಕೂತರೆ ತೆಗೆಯಬೇಕು. ವರ್ಷಕ್ಕೊಮ್ಮೆ ಗೇಟಿಗೂ ಕಿಟಕಿ ಸರಳಿಗೂ ಬಣ್ಣ ಹೊಡೆಯಬೇಕು. ಪ್ರತಿ ಸಲ ಜೀಪಿನ ಪಂಚರ್ ಚಕ್ರ ಬಿಚ್ಚಿಕೊಂಡು ಬಸ್ಸಿನಲ್ಲಿ ಹೋಗಿ ಬಂದು ಸಾಕಾಗಿತ್ತು. ಜೀಪಿನ ಬ್ಯಾಟರಿಗೆ ಸಿಕ್ಕಿಸುವ 12 ವೋಲ್ಟಿನ ಸಣ್ಣ ಪಂಪು ಇತ್ತು. ಬೈಕಿಗೆ ಪರವಾಗಿಲ್ಲ, ಜೀಪಿನ ಟೈರಿಗೆ ಅದನ್ನು ನಂಬಿ ಕೂತರೆ ಕಾಫಿ ಕುಡಿದು ಬರಬಹುದು. ಅದರ ಮಾತು ಇಲ್ಲಿಗೆ ಸಾಕು.

ಮೊದಲು ತಂದಿದ್ದು ಆನ್‌ಲೈನಿನಲ್ಲಿ ಸಿಕ್ಕ ಆಯಿಲ್ ಇಲ್ಲದ ಮಾಡೆಲ್ಲು. 24 ಲೀಟರ್ ಟ್ಯಾಂಕು, 2 ಎಚ್‌ಪಿ, 7,200 ರೂಪಾಯಿ. ಹಗುರ, ಒಂದೇ ಕೈಯಲ್ಲಿ ಎಳೆದುಕೊಂಡು ಹೋಗಬಹುದು. ಎರಡು ನಿಮಿಷದಲ್ಲಿ 8 ಬಾರ್ ಒತ್ತಡಕ್ಕೆ ತುಂಬಿಕೊಂಡು 'ಪುಸ್' ಅಂತ ನಿಂತಾಗ ಮನೆಯವರಿಗೆಲ್ಲ ಕರೆದು ತೋರಿಸಿದೆ. ಸದ್ದು ಮಾತ್ರ ಹೇಳಬೇಡಿ. ಮೋಟಾರು ನಿಮಿಷಕ್ಕೆ 2,800 ಸುತ್ತು ತಿರುಗುತ್ತದೆ, ಪಿಸ್ಟನ್ ನೇರ ಅದಕ್ಕೇ ಕೂತಿದೆ. ಶೆಡ್ಡಿನಲ್ಲಿ ಚಾಲೂ ಮಾಡಿದರೆ ಅಡುಗೆಮನೆಯಲ್ಲಿ ಮಾತು ನಿಲ್ಲುತ್ತಿತ್ತು.

ಮೂರನೇ ವಾರಕ್ಕೆ ಕಾಟ ಶುರುವಾಯಿತು. ಖಾಲಿ ಟ್ಯಾಂಕಿಗೆ ಸ್ಟಾರ್ಟ್ ಆಗುತ್ತದೆ, ತುಂಬುತ್ತದೆ, ನಿಲ್ಲುತ್ತದೆ. ಗಾಳಿ ಖರ್ಚಾಗಿ ಮುಳ್ಳು 5 ಬಾರ್‌ಗೆ ಇಳಿದಾಗ ತಾನಾಗಿಯೇ ಮತ್ತೆ ಹೊರಡಬೇಕಲ್ಲ, ಆಗ ಹೊರಡುವುದಿಲ್ಲ. 'ಗುಂಯ್...' ಅಂತ ಒಂದು ಸದ್ದು, ಶೆಡ್ಡಿನ ಬಲ್ಬು ಮಂಕಾಗುತ್ತದೆ, ಹತ್ತು ಸೆಕೆಂಡಿಗೆ ಮೋಟಾರಿನ ಕೆಂಪು ಗುಂಡಿ 'ಟಕ್' ಅಂತ ಹೊರಗೆ ಬಂದು ಕರೆಂಟು ಕಡಿಯುತ್ತದೆ. ಟ್ಯಾಂಕು ಪೂರ್ತಿ ಖಾಲಿ ಮಾಡಿದರೆ ಮತ್ತೆ ಸರಿ.

ಸಕಲೇಶಪುರದ ಮೋಟಾರ್ ರೀವೈಂಡಿಂಗ್ ಅಂಗಡಿಯೊಂದಕ್ಕೆ ಹೊತ್ತುಕೊಂಡು ಹೋದೆ. ಹುಡುಗ ಮುಚ್ಚಳ ತೆಗೆಯುವ ಮೊದಲೇ "ಕಂಡೆನ್ಸರ್ ಹೋಗಿದೆ ಸಾರ್" ಅಂದ. ಮೋಟಾರು ಹೊರಡಲು ನೆರವಾಗುವ ಕೆಪಾಸಿಟರ್ ಅದು. ಹೊಸದು ಹಾಕಿ 350 ರೂಪಾಯಿ ತಗೊಂಡ. ಅಂಗಡಿಯಲ್ಲಿ ಖಾಲಿ ಟ್ಯಾಂಕಿಗೆ ಚಾಲೂ ಮಾಡಿ ತೋರಿಸಿದ, ಓಡಿತು. ಖಾಲಿ ಟ್ಯಾಂಕಿಗೆ ಅದು ಮೊದಲೂ ಓಡುತ್ತಿತ್ತು ಅಂತ ನನಗೆ ಹೊಳೆದಿದ್ದು ವಾಪಸ್ ಬರುವಾಗ, ಅರ್ಧ ದಾರಿಯಲ್ಲಿ. ಮನೆಗೆ ಬಂದು ಹಾಕಿದೆ. ಗುಂಯ್.

ಹಾಗಂತ ಕಂಡೆನ್ಸರ್ ಹೋಗುವುದೇ ಇಲ್ಲ ಅಂತಲ್ಲ. ಅದು ಹೋದರೆ ಖಾಲಿ ಟ್ಯಾಂಕಿಗೂ ಮೋಟಾರು ಗುಂಯ್ ಅನ್ನುತ್ತದೆ. ಹೊಟ್ಟೆ ಉಬ್ಬಿದ್ದರೆ ಕಣ್ಣಿಗೇ ಕಾಣುತ್ತದೆ. ಇಲ್ಲದಿದ್ದರೆ ಮೀಟರಿನಲ್ಲಿ ಮೈಕ್ರೋಫ್ಯಾರಡ್ ನೋಡಿ, ಮೇಲೆ ಬರೆದ ಅಂಕಿಗೆ ಹೋಲಿಸಿದರೆ ಗೊತ್ತಾಗುತ್ತದೆ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ. ಹೋಲ್ಡರಿಗೆ ಹಾಕಿದ ಹಳೇ ಗುಂಡು ಬಲ್ಬಿನ ಎರಡು ವೈರು ಮುಟ್ಟಿಸಿ ಇಳಿಸಿದ ಮೇಲೇ ಕೈ ಹಾಕಿ.

ಆಮೇಲೆ ನನ್ನ ಅನುಮಾನ ವೋಲ್ಟೇಜಿನ ಮೇಲೆ ಹೋಯಿತು. ಮಳೆಗಾಲದ ಸಂಜೆ ನಮ್ಮಲ್ಲಿ 230 ಅನ್ನುವುದು ಮೀಟರಿನಲ್ಲಿ ಕಾಣುವುದು ಅಪರೂಪ. ಮನೆಯ ಪ್ಲಗ್ಗಿನಲ್ಲಿ 205 ಇತ್ತು. ಶೆಡ್ಡಿನಲ್ಲೂ ಅಷ್ಟೇ. ಮೋಟಾರು ಹೊರಡುವ ಕ್ಷಣಕ್ಕೆ ಮೀಟರ್ ಹಿಡಿದು ನೋಡಿದರೆ 160! ತಪ್ಪು ನನ್ನದೇ. ಮನೆಯಿಂದ ಶೆಡ್ಡಿಗೆ 30 ಮೀಟರ್ ದೂರ 1 ಸ್ಕ್ವೇರ್ ಎಂಎಂ ವೈರು ಎಳೆದಿದ್ದೆ, ಬಲ್ಬಿಗೆ ಅಂತ. ಹೋಗಿ ಬರುವ 60 ಮೀಟರಿಗೆ ಹೆಚ್ಚುಕಮ್ಮಿ 1 ಓಮ್ ತಡೆ. ಓಡುವಾಗ ಮೋಟಾರು 8 ಆಂಪಿಯರ್ ಎಳೆದರೆ ನಷ್ಟ 8 ವೋಲ್ಟು, ಅದು ಲೆಕ್ಕಕ್ಕಿಲ್ಲ. ಹೊರಡುವಾಗ ಅದರ ನಾಲ್ಕೈದು ಪಟ್ಟು ಎಳೆಯುತ್ತದೆ, ಆಗ 40 ವೋಲ್ಟು ವೈರಿನಲ್ಲೇ ಕರಗುತ್ತದೆ. ವೋಲ್ಟೇಜು ಕಾಲು ಭಾಗ ಇಳಿದರೆ ಮೋಟಾರಿನ ತಿರುಗುವ ಬಲವೂ ಕಾಲು ಭಾಗ ಇಳಿಯುತ್ತದೆ ಅಂದುಕೊಂಡಿದ್ದೆ. ಹಾಗಲ್ಲ, ಹೆಚ್ಚುಕಮ್ಮಿ ಅರ್ಧಕ್ಕೆ ಬೀಳುತ್ತದೆ. 2.5 ಸ್ಕ್ವೇರ್ ಎಂಎಂ ವೈರು, 16 ಆಂಪಿಯರ್ ಪ್ಲಗ್ಗು ಹಾಕಿಸಿದೆ. ಸ್ವಲ್ಪ ಸುಧಾರಿಸಿತು. ನಾಲ್ಕು ಸಲದಲ್ಲಿ ಎರಡು ಸಲ ಹೊರಟಿತು. ವೈರು ಉದ್ದ ಮಾಡುವ ಬದಲು ಗಾಳಿಯ ಪೈಪು ಉದ್ದ ಮಾಡಬೇಕು ಅನ್ನುವುದನ್ನು ಆಮೇಲೆ ಕಲಿತೆ.

ನಿಜವಾದ ರೋಗ ಸಿಕ್ಕಿದ್ದು ಒಂದು ರಾತ್ರಿ. ಸ್ವಿಚ್ ಆರಿಸಲು ಮರೆತು ಮಲಗಿದ್ದೆ. ಹನ್ನೊಂದೂವರೆಗೆ ಶೆಡ್ಡಿನಿಂದ ಗುಂಯ್. ಯಾರೂ ಗಾಳಿ ಬಳಸದೆ ಅದು ಯಾಕೆ ಹೊರಡಲು ನೋಡಿತು? ಛತ್ರಿ ಹಿಡಿದು ಹೋದೆ. ಮಳೆ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಒತ್ತಡ ನೋಡಿ ಮೋಟಾರು ನಿಲ್ಲಿಸುವ, ಹೊರಡಿಸುವ ಪ್ರೆಶರ್ ಸ್ವಿಚ್ಚಿನ ಕೆಳಗೆ ಬೆರಳಿಟ್ಟರೆ ತಣ್ಣಗೆ ಗಾಳಿ ಬಡಿಯಿತು. ಕಿವಿ ಹತ್ತಿರ ಇಟ್ಟೆ, 'ಸುಯ್...' ಅಂತ ಸಣ್ಣ ಎಳೆ.

ಅಲ್ಲಿ ಗಾಳಿ ಬರಬೇಕು ನಿಜ, ಆದರೆ ಮೋಟಾರು ನಿಂತ ತಕ್ಷಣ, ಒಂದೆರಡು ಸೆಕೆಂಡು ಮಾತ್ರ. ಪಿಸ್ಟನ್ ಮೇಲಿನ ಹೆಡ್ಡಿನಿಂದ ಟ್ಯಾಂಕಿಗೆ ಹೋಗುವ ಪೈಪಿನಲ್ಲಿ ಉಳಿದ ಗಾಳಿಯನ್ನು ಸ್ವಿಚ್ಚು ಹೊರಗೆ ಬಿಡುತ್ತದೆ. ಮುಂದಿನ ಸಲ ಪಿಸ್ಟನ್‌ಗೆ ಎದುರು ಒತ್ತಡ ಇರಬಾರದು ಅಂತ. ಟ್ಯಾಂಕಿನ ಗಾಳಿ ಆ ಪೈಪಿಗೆ ವಾಪಸ್ ಬರದಂತೆ ತಡೆಯುವುದು ಟ್ಯಾಂಕಿನ ಬಾಯಲ್ಲಿ ಕೂತಿರುವ ಎನ್‌ಆರ್‌ವಿ, ಅಂದರೆ ನಾನ್ ರಿಟರ್ನ್ ವಾಲ್ವು. ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಲೀಕಾದರೆ ನೀರೆಲ್ಲ ಹೊಳೆಗೆ ವಾಪಸ್ ಇಳಿಯುತ್ತದಲ್ಲ, ಹಾಗೇ ಇದೂ. ಎನ್‌ಆರ್‌ವಿ ಸರಿಯಾಗಿ ಮುಚ್ಚದಿದ್ದರೆ ಟ್ಯಾಂಕಿನ ಗಾಳಿ ಹಿಂದೆ ಬಂದು ಸ್ವಿಚ್ಚಿನಿಂದ ಸೋರುತ್ತಲೇ ಇರುತ್ತದೆ. 5 ಬಾರ್‌ಗೆ ಇಳಿದಾಗ ಸ್ವಿಚ್ಚು ಮೋಟಾರಿಗೆ ಕರೆಂಟು ಕೊಡುತ್ತದೆ, ಅದೇ ಕ್ಷಣ ಸೋರುವ ಬಾಯಿಯನ್ನೂ ಮುಚ್ಚುತ್ತದೆ. ಆಗ ಟ್ಯಾಂಕಿನ ಪೂರ್ತಿ ಒತ್ತಡ ಪಿಸ್ಟನ್ ತಲೆ ಮೇಲೆ. ಮೋಟಾರು ಹೊರಡುವುದಾದರೂ ಹೇಗೆ?

ಬೆಳಿಗ್ಗೆ ಪ್ಲಗ್ ತೆಗೆದು, ಅಡಿಯ ನಲ್ಲಿ ಬಿಚ್ಚಿ ಟ್ಯಾಂಕು ಪೂರ್ತಿ ಖಾಲಿ ಮಾಡಿದೆ. ಮುಳ್ಳು ಸೊನ್ನೆಗೆ ಬಂದ ಮೇಲೂ ನಲ್ಲಿ ತೆರೆದೇ ಇಟ್ಟೆ. ಇದನ್ನು ಮಾತ್ರ ಯಾರೂ ತಪ್ಪಿಸಬಾರದು. ಒತ್ತಡ ಇರುವಾಗ ಎನ್‌ಆರ್‌ವಿಯ ಹಿತ್ತಾಳೆ ನಟ್ ಸಡಿಲಿಸಿದರೆ ಅದು ಗುಂಡಿನ ಹಾಗೆ ಹಾರುತ್ತದೆ. ಪೈಪು ಬಿಚ್ಚಿ, ನಟ್ ತಿರುಗಿಸಿದೆ. ಒಳಗೆ ಒಂದು ಸ್ಪ್ರಿಂಗು, ಎಂಟಾಣೆ ಅಗಲದ ರಬ್ಬರ್ ಬಿಲ್ಲೆ, ಬಿಲ್ಲೆಯಲ್ಲಿ ಚುಚ್ಚಿಕೊಂಡ ಅಲ್ಯೂಮಿನಿಯಂ ಚೂರು. ಅಕ್ಕಿ ನುಚ್ಚಿನಷ್ಟು ಕೂಡ ಇಲ್ಲ. ಪೈಪು ಕತ್ತರಿಸಿದವರು ಅಂಚು ಉಜ್ಜದೆ ಜೋಡಿಸಿದ್ದರು. ಚೂರು ಕಿತ್ತು, ಬಿಲ್ಲೆ ತಿರುವಿ ಹಾಕಿ, ನಟ್ಟಿನ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡಿದೆ. ಸೋಪಿನ ನೀರು ಹಚ್ಚಿ ನೋಡಿದರೆ ಒಂದು ಗುಳ್ಳೆಯೂ ಇಲ್ಲ. ಖರ್ಚು ಸೊನ್ನೆ. ಅದಕ್ಕೂ ಮೊದಲು ಕಂಡೆನ್ಸರ್, ವೈರು, ಪೆಟ್ರೋಲು ಎಲ್ಲ ಸೇರಿ ಮೂರು ಸಾವಿರ ಹೋಗಿತ್ತು.

ಇಷ್ಟಾದ ಮೇಲೂ ಅದನ್ನು ಇಟ್ಟುಕೊಳ್ಳಲಿಲ್ಲ. ಎರಡನೇ ವರ್ಷಕ್ಕೆ ತುಂಬಲು ಆರು ನಿಮಿಷ ಬೇಕಾಯಿತು. ಫಿಲ್ಟರ್ ಬಾಯಿಗೆ ಕೈ ಇಟ್ಟು ನೋಡಿದೆ, ಗಾಳಿ ವಾಪಸ್ ಊದುತ್ತಿರಲಿಲ್ಲ. ಅಂದರೆ ಒಳಗೆ ಎಳೆಯುವ ವಾಲ್ವಿನ ಪಟ್ಟಿ ಸರಿ ಇದೆ. ಹೆಡ್ಡು ಬಿಚ್ಚಿದರೆ ಪಿಸ್ಟನ್ನಿನ ಟೆಫ್ಲಾನ್ ರಿಂಗು ಸವೆದು ಕಪ್ಪು ಪುಡಿ. ಆಯಿಲ್ ಹಾಕುವ ತಲೆನೋವು ಇಲ್ಲ ಅಂದರೆ ಅರ್ಥ ಇದೇ, ಸವೆಯುವ ಕೆಲಸ ಪೂರ್ತಿ ರಿಂಗಿನದ್ದು. ಆ ರಿಂಗು ಸಕಲೇಶಪುರದಲ್ಲಿ ಇಲ್ಲ, ಹಾಸನದಲ್ಲಿ ನಾಲ್ಕು ಅಂಗಡಿ ಸುತ್ತಿದರೂ ಇಲ್ಲ. ಆನ್‌ಲೈನಿನಲ್ಲಿ ತರಿಸಿದ ಮೊದಲ ರಿಂಗು ಅಳತೆ ತಪ್ಪಿ ಬಂತು. ಸಿಲಿಂಡರನ್ನು ವರ್ನಿಯರ್‌ನಲ್ಲಿ ಅಳೆದು ತರಿಸಿದ ಎರಡನೆಯದು ಕೂತಿತು.

ಈ ಮಧ್ಯೆ ಎರಡು ತಿಂಗಳು ಷಡ್ಡಕನ ಕಂಪ್ರೆಸರ್ ತಂದಿಟ್ಟುಕೊಂಡಿದ್ದೆ. ಅದು ಆಯಿಲ್ ಹಾಕುವ ಡೈರೆಕ್ಟ್ ಮಾಡೆಲ್ಲು, ಅಂದರೆ ಬೆಲ್ಟಿಲ್ಲದೆ ನೇರ ಮೋಟಾರಿಗೇ ಕೂತದ್ದು, 25 ಲೀಟರಿನದು. ಬೆಲೆ ಹೆಚ್ಚುಕಮ್ಮಿ ನನ್ನದರಷ್ಟೇ. ಗಟ್ಟಿ ಇದೆ, ರಿಂಗಿನ ಚಿಂತೆ ಇಲ್ಲ. ಹೊಸದೇ ಬೇಕು, ಬಜೆಟ್ ಹತ್ತು ಸಾವಿರದೊಳಗೆ ಅನ್ನುವವರು ಆಯಿಲ್ ಇಲ್ಲದ್ದನ್ನು ಬಿಟ್ಟು ಇದನ್ನೇ ತಗೊಳ್ಳಿ. ನನಗೆ ಎರಡು ವಿಷಯ ಹಿಡಿಸಲಿಲ್ಲ. ಪಿಕಪ್ಪಿನಲ್ಲಿ ಮಲಗಿಸಿ ತಂದಿದ್ದರಿಂದ ಆಯಿಲ್ ಗಾಳಿಯ ಫಿಲ್ಟರಿಗೆ ಇಳಿದು ಮೊದಲ ದಿನ ಹೊಗೆಯೋ ಹೊಗೆ. ಆ ವಾರವೇ ಗೇಟಿಗೆ ಬಣ್ಣ ಹೊಡೆದೆ, ಗಾಳಿಯಲ್ಲಿ ಆಯಿಲ್ ಬೆರೆತು ಬಣ್ಣದ ಮೇಲೆ ಮೀನಿನ ಕಣ್ಣಿನ ಹಾಗೆ ಗುಳಿ ಗುಳಿ. ಇನ್ನೊಂದು ನಮ್ಮ ಮಳೆಯ ಸಮಸ್ಯೆ. ದಿನಕ್ಕೆ ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಮೆಷಿನ್ ಬಿಸಿಯಾಗುವುದಿಲ್ಲ, ಗಾಳಿಯ ತೇವ ಆಯಿಲ್‌ಗೆ ಸೇರುತ್ತದೆ. ಜುಲೈ ಕೊನೆಗೆ ಆಯಿಲ್ ಮಟ್ಟ ತೋರಿಸುವ ಗಾಜಿನ ಕಣ್ಣಿನಲ್ಲಿ ನೋಡಿದರೆ ಆಯಿಲ್ ಹಾಲು ಜಾಸ್ತಿಯಾದ ಕಾಫಿ ಬಣ್ಣಕ್ಕೆ ತಿರುಗಿತ್ತು. ಬದಲಾಯಿಸಿ, ವಾರಕ್ಕೊಮ್ಮೆ ಅರ್ಧ ಗಂಟೆ ನಲ್ಲಿ ಸ್ವಲ್ಪ ತೆರೆದು ಓಡಿಸಿದ ಮೇಲೆ ಸರಿಹೋಯಿತು. ಲೋ ವೋಲ್ಟೇಜಿಗೆ ಇದೂ ಮುನಿಸಿಕೊಳ್ಳುತ್ತದೆ.

ಕೊನೆಗೆ ಬೆಲ್ಟಿನದ್ದು. ಹಾಸನದ ಬಿ.ಎಂ. ರಸ್ತೆಯ ಕಡೆ ಒಬ್ಬರು ಪಂಚರ್ ಅಂಗಡಿ ಮುಚ್ಚುತ್ತಾ ಇದ್ದಾರೆ ಅಂತ ಗೊತ್ತಾಗಿ ಹೋದೆ. ಅಲ್ಲಿ ಎರಡಿದ್ದವು. ಒಂದರ ಟ್ಯಾಂಕಿನ ಅಡಿಯಲ್ಲಿ ವೆಲ್ಡಿಂಗ್ ತೇಪೆ ಕಂಡಿತು. "ಅದು ಏನೂ ಆಗಲ್ಲ ಗೌಡ್ರೇ, ಮೂರು ವರ್ಷ ಆಯ್ತು" ಅಂದರು ಯಜಮಾನರು. ಮೂರು ವರ್ಷ ಆಗಿದ್ದೇ ನನಗೆ ಹೆದರಿಕೆ. ತುಕ್ಕು ಒಳಗಿನಿಂದ, ನೀರು ನಿಲ್ಲುವ ಅಡಿಯಿಂದ ತಿನ್ನುತ್ತದೆ. ತೇಪೆ ಹಾಕಿದ ಜಾಗದ ಸುತ್ತ ಎಷ್ಟು ತಗಡು ಉಳಿದಿದೆ ಅಂತ ಯಾರಿಗೆ ಗೊತ್ತು? ಇನ್ನೊಂದನ್ನು 11,500ಕ್ಕೆ ಮಾತಾಡಿದೆ. ಟ್ಯಾಂಕಿಗೆ ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿಕೊಟ್ಟರೆ ಮಾತ್ರ ದುಡ್ಡು ಅಂದೆ. ನೀರಿನಲ್ಲೇ ಯಾಕೆ ಅಂದರೆ, ಟ್ಯಾಂಕು ಬಿರಿದರೂ ನೀರು ಚಿಮ್ಮಿ ನಿಲ್ಲುತ್ತದೆ. ಗಾಳಿಯಾದರೆ ಸಿಡಿಯುತ್ತದೆ.

ಬೀಡು ಕಬ್ಬಿಣದ ಹೆಡ್ಡು, 1 ಎಚ್‌ಪಿ ಮೋಟಾರು, 1,440 ಸುತ್ತಿನದು. ಸಣ್ಣ ಪುಲ್ಲಿಯಿಂದ ದೊಡ್ಡ ಪುಲ್ಲಿಗೆ ಬೆಲ್ಟು, ಹಾಗಾಗಿ ಪಂಪು ಅದರ ಅರ್ಧ ವೇಗದಲ್ಲಿ 'ಡುಗು ಡುಗು' ಅಂತ ತಿರುಗುತ್ತದೆ. ವೇಗ ಅರ್ಧ ಆದರೆ ತಿರುಗಿಸುವ ಬಲ ಎರಡರಷ್ಟು. ಸ್ಟಾರ್ಟಿಂಗಿಗೇ ಬೇರೆ ಕಂಡೆನ್ಸರ್ ಇದೆ, ಮೊದಲಿನ ಎರಡರಲ್ಲಿ ಅದು ಇರಲಿಲ್ಲ. 180 ವೋಲ್ಟಿನಲ್ಲೂ ಒಂದು ಸಲ ಮುಲುಕಿ ಹೊರಡುತ್ತದೆ. ಪಕ್ಕದಲ್ಲಿ ನಿಂತು ಫೋನಿನಲ್ಲಿ ಮಾತಾಡಬಹುದು. ತುಂಬಲು ನಿಧಾನ, ಒಪ್ಪಿದೆ. ನನಗೇನು ಅರ್ಜೆಂಟ್, ಅದು ತುಂಬುವಷ್ಟರಲ್ಲಿ ಚಕ್ರ ಬಿಚ್ಚಿರುತ್ತೇನೆ.

ಕೊರತೆ ಇಲ್ಲದೆ ಏನಿಲ್ಲ. ಬೆಲ್ಟಿಗೆ ಗಾರ್ಡ್ ಇರಲಿಲ್ಲ, ಜಾಲರಿ ತಂದು ಮಾಡಿಸಿದೆ. ಮನೆಯಲ್ಲಿ ಮಕ್ಕಳು, ಸೆರಗು, ಪಂಚೆ ಎಲ್ಲ ಓಡಾಡುವಾಗ ಅದಿಲ್ಲದೆ ಚಾಲೂ ಮಾಡಬಾರದು. ಮಳೆಗೆ ಬೆಲ್ಟು ಕಿರುಚುತ್ತದೆ. ನಡುವೆ ಒತ್ತಿದರೆ ಅರ್ಧ ಇಂಚು ಬಗ್ಗುವಷ್ಟು ಬಿಗಿ ಇಟ್ಟರೆ ಸುಮ್ನಾಗುತ್ತದೆ. ಕಳೆದ ವರ್ಷ ವಾಲ್ವ್ ಪ್ಲೇಟು ಹೋಯಿತು. ಹಾಸನಕ್ಕೂ ಹೋಗಲಿಲ್ಲ, ಸಕಲೇಶಪುರದಲ್ಲೇ ಸಿಕ್ಕಿತು. ಬಿಚ್ಚಿ ಹಾಕಿದ್ದು ಪಂಚರ್ ಅಂಗಡಿಯ ಹುಡುಗ, ಮಾತಾಡುತ್ತಲೇ.

ನೀರು ಬಿಡುವುದು ಮೂರಕ್ಕೂ ಒಂದೇ. ನಮ್ಮ ಜುಲೈ ಗಾಳಿಯನ್ನು ಹಿಂಡಿದರೆ ನೀರೇ. ಸಂಜೆ ಅಡಿಯ ನಲ್ಲಿ ತೆರೆದರೆ ಕೆಂಪು ನೀರು ಬರುತ್ತದೆ. ನಾನು ದೀಪ ಆರಿಸುವ ಮುಂಚೆ ಬಿಡುತ್ತೇನೆ.

ಆಯಿಲ್ ಇಲ್ಲದ್ದನ್ನು ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ತಂಗಿ ಮಗನಿಗೆ ಕೊಟ್ಟೆ. ಧೂಳು ಊದಲು ಆಯಿಲ್ ಬೆರೆಯದ ಗಾಳಿಯೇ ಬೇಕು, ಪೇಟೆಯಲ್ಲಿ ವೋಲ್ಟೇಜೂ ಸರಿ ಇದೆ. ಅವನ ಕೈಯಲ್ಲಿ ಚೆನ್ನಾಗೇ ಓಡುತ್ತಿದೆ. ಹೋದ ವಾರ ಫೋನ್ ಮಾಡಿದ್ದ. "ಮಾವ, ನಿಂತ ಮೇಲೆ ಸುಯ್ ಅಂತ ಸದ್ದು ಬರ್ತಾ ಇದೆ, ಕಂಡೆನ್ಸರ್ ಹೋಗಿದ್ಯಾ?" 22ರ ಸ್ಪ್ಯಾನರ್ ತಗೋ, ಮೊದಲು ಟ್ಯಾಂಕು ಖಾಲಿ ಮಾಡು ಅಂದೆ.