ಎರಡು ಚೌಕ ಸಾಕೋ, ಹತ್ತು ಬೇಕೋ: ಮನೆಯಲ್ಲಿ ಮೂತ್ರ ನೋಡುವ ಸ್ಟ್ರಿಪ್‌ಗಳು

ಮೆಡಿಕಲ್ ಶಾಪಿನಲ್ಲಿ ‘ಪ್ರೋಟೀನ್ ನೋಡೋ ಯೂರಿನ್ ಸ್ಟ್ರಿಪ್ ಕೊಡಿ’ ಅಂದರೆ ಸಾಮಾನ್ಯವಾಗಿ ಯೂರಿಸ್ಟಿಕ್ಸ್ ಥರದ ಎರಡು ಚೌಕದ ಡಬ್ಬಿ ಕೈಗೆ ಬರುತ್ತದೆ: ಒಂದು ಚೌಕ ಸಕ್ಕರೆಗೆ, ಇನ್ನೊಂದು ಪ್ರೋಟೀನಿಗೆ. ಮೂತ್ರದಲ್ಲಿ ಪ್ರೋಟೀನ್ ವಿಪರೀತ ಸೋರುವ ಮಕ್ಕಳ ನೆಫ್ರೋಟಿಕ್ ಸಿಂಡ್ರೋಮಿಗೆ ಇದು ಧಾರಾಳ ಸಾಕು. ಮೂತ್ರಪಿಂಡದಲ್ಲಿ ಉರಿಯೂತ ತರುವ ಐಜಿಎ ನೆಫ್ರೋಪಥಿ ಅಥವಾ ಲೂಪಸ್ ಇದ್ದವರಿಗೆ ಸಾಲದು.

ಐಜಿಎ ನೆಫ್ರೋಪಥಿಯಲ್ಲಿ ಗ್ಯಾಲಕ್ಟೋಸ್ ಎಂಬ ಸಕ್ಕರೆಯ ಕೊರತೆಯಿರುವ ಐಜಿಎ1 ಎಂಬ ಪ್ರತಿಕಾಯದ ಮೇಲೆ ದೇಹವೇ ಇನ್ನೊಂದು ಪ್ರತಿಕಾಯ ಬಿಡುತ್ತದೆ. ಎರಡೂ ಅಂಟಿಕೊಂಡು ಗಂಟಾಗಿ, ರಕ್ತ ಸೋಸುವ ಗ್ಲೊಮೆರುಲಸ್‌ನೊಳಗೆ, ರಕ್ತನಾಳಗಳ ನಡುವಿನ ಮೆಸಾಂಜಿಯಂನಲ್ಲಿ ಕೂರುತ್ತವೆ. ಅಲ್ಲಿ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳು ಕೆರಳಿ ಉರಿಯೂತ ಹತ್ತಿಕೊಂಡರೆ ಜರಡಿ ಹರಿದು ಕೆಂಪು ಕಣಗಳು ಮೂತ್ರಕ್ಕೆ ನುಸುಳುತ್ತವೆ. ಪ್ರೋಟೀನ್ ಇನ್ನೂ ಹೆಚ್ಚಿರದಿದ್ದರೂ ರಕ್ತ ಹೋಗುತ್ತಿರಬಹುದು. ರಕ್ತದ ಚೌಕವೇ ಇಲ್ಲದ ಪಟ್ಟಿಗೆ ಅದು ಕಾಣುವುದಾದರೂ ಹೇಗೆ? ಮಕ್ಕಳ ನೆಫ್ರೋಟಿಕ್ ಸಿಂಡ್ರೋಮಿನಲ್ಲಿ ಹೆಚ್ಚಾಗಿ ಕಾಣುವ ಮಿನಿಮಲ್ ಚೇಂಜ್ ಕಾಯಿಲೆಯಲ್ಲಿ ಇಂಥ ಗಂಟುಗಳಿಲ್ಲ, ಸೋರುವುದು ಮುಖ್ಯವಾಗಿ ಆಲ್ಬುಮಿನ್ ಎಂಬ ಪ್ರೋಟೀನ್.

ಹಾಗಾಗಿ ನೆಫ್ರೈಟಿಸ್‌ನವರು, ಅಂದರೆ ಇಂಥ ಉರಿಯೂತ ಇರುವವರು, ದುಡ್ಡು ಹೆಚ್ಚಾದರೂ ರಕ್ತದ ಚೌಕವಿರುವ ಹತ್ತು ಚೌಕದ್ದನ್ನೇ ಕೊಳ್ಳಬೇಕು. ಅದರ ನಿಜವಾದ ಲಾಭ ಇನ್ನೊಂದಿದೆ: ಮೂತ್ರ ಎಷ್ಟು ಗಟ್ಟಿ, ಎಷ್ಟು ತೆಳು ಎಂದು ಹೇಳುವ ಸ್ಪೆಸಿಫಿಕ್ ಗ್ರಾವಿಟಿ ಚೌಕ. ಪಟ್ಟಿ ಅಳೆಯುವುದು ಆ ಮೂತ್ರದಲ್ಲಿನ ಪ್ರೋಟೀನಿನ ಸಾಂದ್ರತೆಯನ್ನೇ ಹೊರತು ದಿನದ ಒಟ್ಟು ಸೋರಿಕೆಯನ್ನಲ್ಲ. ಮೂತ್ರ ಗಟ್ಟಿಯಾಗಿ 1.030 ಇದ್ದಾಗ ಬಂದ ಪ್ರೋಟೀನ್ 1+ ಅಷ್ಟೇನೂ ಅಲ್ಲದಿರಬಹುದು. ನೀರು ಕುಡಿದು 1.005ಕ್ಕೆ ಇಳಿದಾಗಲೂ 1+ ಬಂದರೆ ಸೋರಿಕೆ ಜೋರಾಗಿದೆ.

ಬೆಳಗಿನ ಮೊದಲ ಮೂತ್ರದ ಮಧ್ಯದ ಧಾರೆಯನ್ನು ಒಣಗಿದ ಲೋಟದಲ್ಲಿ ಹಿಡಿಯಿರಿ. ಪಟ್ಟಿ ಅದ್ದಿ ತಕ್ಷಣ ತೆಗೆದು, ಅಂಚನ್ನು ಲೋಟದ ಬಾಯಿಗೆ ಒರೆಸಿ, ಅಡ್ಡಲಾಗಿ ಹಿಡಿಯಿರಿ. ಲಂಬವಾಗಿ ಹಿಡಿದರೆ ಒಂದು ಚೌಕದ ರಸ ಪಕ್ಕದ್ದಕ್ಕೆ ಇಳಿಯುತ್ತದೆ. ಪ್ರೋಟೀನ್, ರಕ್ತ ಎರಡನ್ನೂ ಸಾಮಾನ್ಯವಾಗಿ 60 ಸೆಕೆಂಡಿಗೆ ಓದಬೇಕು. ಡಬ್ಬಿಯ ಮೇಲಿನ ಸಮಯವೇ ಅಂತಿಮ. ಐದು ನಿಮಿಷ ಬಿಟ್ಟು ಬಂದು ನೋಡಿದ ಬಣ್ಣಕ್ಕೆ ಬೆಲೆಯಿಲ್ಲ. ಪ್ರೋಟೀನಿನ ಹಳದಿ ಹಸಿರಾಗುತ್ತ ಹೋಗುತ್ತದೆ: 1+ ಅಂದರೆ ಡೆಸಿಲೀಟರಿಗೆ ಸುಮಾರು 30 ಮಿಗ್ರಾಂ, 2+ ಅಂದರೆ 100, 3+ ಅಂದರೆ 300. ರಕ್ತದ ಚೌಕದಲ್ಲಿ ಹಳದಿ ಮೇಲೆ ಹಸಿರು ಚುಕ್ಕಿ ಚುಕ್ಕಿ ಕಂಡರೆ ಕಣಗಳು ಇಡಿಯಾಗಿ ಬಂದಿವೆ. ಚೌಕವೆಲ್ಲ ಒಂದೇ ಸಮ ಹಸಿರಾದರೆ ಅವು ಒಡೆದಿರಬಹುದು, ಇಲ್ಲವೇ ಅದು ಸ್ನಾಯುವಿನ ಮಯೋಗ್ಲೋಬಿನ್ ಇರಬಹುದು.

ಮೋಸ ಹೋಗುವ ಜಾಗಗಳೂ ಇವೆ. ವಿಟಮಿನ್ ಸಿ ಮಾತ್ರೆ ಜಾಸ್ತಿ ನುಂಗಿದ್ದರೆ ರಕ್ತ ಇದ್ದೂ ಕಾಣದು. ಲೋಟದಲ್ಲಿ ಬ್ಲೀಚ್ ಉಳಿದಿದ್ದರೆ ಇಲ್ಲದ ರಕ್ತ ಕಾಣುತ್ತದೆ. ಮುಟ್ಟಿನ ದಿನಗಳಲ್ಲಿ ನೋಡುವುದೇ ಬೇಡ. ಮೂತ್ರ ತುಂಬ ಕ್ಷಾರೀಯವಾಗಿದ್ದರೆ ಪ್ರೋಟೀನ್ ಸುಳ್ಳೇ ಹೆಚ್ಚು ತೋರುತ್ತದೆ.

ಯಾವ ಪಟ್ಟಿಯೂ ಕೆಂಪು ಕಣದ ಕಾಸ್ಟ್, ಅಂದರೆ ಮೂತ್ರಪಿಂಡದ ನಳಿಕೆಯಲ್ಲಿ ಅಚ್ಚಾದ ಕಣಗಳ ಮುದ್ದೆ, ತೋರಿಸಲಾರದು. ಉರಿಯೂತ ಗ್ಲೊಮೆರುಲಸ್‌ನಲ್ಲೇ ಇದೆ ಎಂಬುದಕ್ಕೆ ಅದು ಗಟ್ಟಿ ಗುರುತು, ಅದಕ್ಕೆ ತಾಜಾ ಮೂತ್ರ ಮತ್ತು ಮೈಕ್ರೋಸ್ಕೋಪು ಬೇಕು. ಮಾತ್ರೆಯ ಡೋಸ್ ಬದಲಿಸಲೂ ಪಟ್ಟಿ ಆಧಾರವಲ್ಲ. ಲ್ಯಾಬಿನಲ್ಲಿ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ ಮಾಡಿಸಿ. ನೆಫ್ರೋಟಿಕ್ ಮಗುವಿಗೆ ಮೂರು ದಿನ ಸತತ 3+ ಬಂದರೆ ಮಾತ್ರ ಕಾಯಿಲೆ ಮರುಕಳಿಸಿದೆ ಎಂದು ಲೆಕ್ಕ, ಆಗ ಡಾಕ್ಟರಿಗೆ ಫೋನ್ ಮಾಡಿ.

ಡಬ್ಬಿಯನ್ನು ಬಚ್ಚಲಲ್ಲೂ ಇಡಬೇಡಿ, ಫ್ರಿಜ್‌ನಲ್ಲೂ ಇಡಬೇಡಿ. ತೇವ ಹೀರುವ ಪುಟ್ಟ ಪೊಟ್ಟಣ ಒಳಗೇ ಇರಲಿ, ತೆರೆದ ದಿನಾಂಕವನ್ನು ಮುಚ್ಚಳದ ಮೇಲೆ ಬರೆದಿಡಿ.