ಡಿಸೆಂಬರ್ ಮಳೆಗೆ ಕಾಫಿ ಕಣದ ಟಾರ್ಪಾಲು: ಯಾವುದು ತಾಳುತ್ತದೆ?

ಅರೇಬಿಕಾ ಕೊಯ್ಲಾಗಿ ಕಣ ತುಂಬಿರುವ ಹೊತ್ತಿಗೇ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವುದು. 2021ರ ಜನವರಿಯ ಅಕಾಲಿಕ ಮಳೆಯಾಗಲಿ, 2024ರ ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತ ತಂದ ಮಳೆಯಾಗಲಿ ಕೊಡಗಿನ ಬೆಳೆಗಾರರು ಮರೆಯುವಂಥದ್ದಲ್ಲ. ಸಿಮೆಂಟ್ ಕಣವಿದ್ದು ಡ್ರೈಯರ್ ಇಲ್ಲದವರಿಗೆ ಆಗ ಟಾರ್ಪಾಲೇ ಗತಿ.

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ನೇಯ್ದ ಎಚ್‌ಡಿಪಿಇ (ಗಟ್ಟಿ ಬಗೆಯ ಪಾಲಿಥಿನ್) ನೀಲಿ ಶೀಟು. ಅಗ್ಗ, ಸೌದೆ ಮುಚ್ಚಲು ಸಾಕು. ಬಿಸಿಲಿಗೆ ಅದರ ಮೇಲ್ಪದರ ಪುಡಿಯಾಗಿ ಉದುರುತ್ತದೆ, ಆಮೇಲೆ ನೇಯ್ಗೆಯ ಸಂದಿನಿಂದ ನೀರು ಜಿನುಗುತ್ತದೆ. ಕಾಫಿ ಮುಚ್ಚಲು ಇದು ಬೇಡ. ಎರಡನೆಯದು ಪಿವಿಸಿ ಲೇಪದ ಲಾರಿ ಟಾರ್ಪಾಲು. ಗಟ್ಟಿ, ಆದರೆ ಭಾರ. ಮಳೆ ಹನಿಯುತ್ತಿರುವಾಗ ಇಬ್ಬರು ಆಳು ಓಡಿ ಎಳೆಯುವ ವಸ್ತುವಲ್ಲ. ಮೂರನೆಯದು ಪಾಲಿಥಿನ್ ಪದರಗಳನ್ನು ಒಂದಕ್ಕೊಂದು ಅಡ್ಡಲಾಗಿ ಅಂಟಿಸಿದ ಕ್ರಾಸ್ ಲ್ಯಾಮಿನೇಟೆಡ್ ಶೀಟು, ಕಂಪನಿ ಯಾವುದಾದರೂ ಜನರ ಬಾಯಲ್ಲಿ ‘ಸಿಲ್ಪಾಲಿನ್’. ಕಣಕ್ಕೆ ನಮ್ಮ ಆಯ್ಕೆ ಇದೇ, ಬಿಸಿಲಿನ ಯುವಿ ಕಿರಣಕ್ಕೆ ತಡೆ ಇರುವ 200 ಜಿಎಸ್‌ಎಂ. ಕೊಳ್ಳುವಾಗ ಭಾರತೀಯ ಮಾನಕದ ಐಎಸ್ 14611 ಗುರುತು ನೋಡಿ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿನ ತೂಕ, ಗ್ರಾಂಗಳಲ್ಲಿ. ಲೇಬಲ್ ನಂಬುವುದಕ್ಕಿಂತ ತಕ್ಕಡಿಗೆ ಹಾಕಿಸಿ. 18×24 ಅಡಿಯ ಶೀಟು ಸುಮಾರು 40 ಚದರ ಮೀಟರ್. 200 ಜಿಎಸ್‌ಎಂ ಆದರೆ 8 ಕೆಜಿ ತೂಗಬೇಕು. 6 ಕೆಜಿ ಬಂದರೆ ಅದು 150ರ ಮಾಲು, ಅಂಗಡಿಯವನು ಏನೇ ಹೇಳಲಿ. ಅಳತೆಯನ್ನೂ ಕೇಳಿ: ಹಲವೆಡೆ ಹೇಳುವುದು ಅಂಚು ಮಡಚುವ ಮೊದಲಿನ ಅಳತೆ, ಕೈಗೆ ಬಂದಾಗ ಕೆಲವು ಅಂಗುಲ ಕಮ್ಮಿ. ಒಂದೇ ದೊಡ್ಡ ಶೀಟಿಗಿಂತ 18×24ರ ಎರಡು ಮೂರು ಶೀಟು ಮೇಲು. ಗಾಳಿ ಹೊಕ್ಕ ದೊಡ್ಡ ಶೀಟನ್ನು ನಾಲ್ಕು ಜನ ಹಿಡಿದರೂ ನಿಲ್ಲಿಸಲಾಗದು.

ಶೀಟು ಹರಿದುಹೋಗುವುದು ಸಾಮಾನ್ಯವಾಗಿ ನಡುವೆ ಅಲ್ಲ, ಅಂಚಿನಲ್ಲಿ ಹಗ್ಗ ಪೋಣಿಸುವ ಐಲೆಟ್ ಬಳಿ. ಹಗ್ಗವನ್ನು ಬಿಗಿಯಾಗಿ ಗೂಟಕ್ಕೆ ಕಟ್ಟಿದರೆ ಗಾಳಿಯ ಪ್ರತಿ ಹೊಡೆತವೂ ನೇರ ಆ ಅಲ್ಯೂಮಿನಿಯಂ ಬಳೆಗೆ ಬೀಳುತ್ತದೆ. ನಡುವೆ ಒಂದು ಗೇಣು ಹಳೆ ಸೈಕಲ್ ಟ್ಯೂಬ್ ಕಟ್ಟಿ, ಎಳೆತವನ್ನು ಅದು ನುಂಗಿಕೊಳ್ಳುತ್ತದೆ. ಅಂಚಿನ ಮೇಲೆ ಕಲ್ಲಿಗಿಂತ ಮರಳು ತುಂಬಿದ ಚೀಲ ಒಳ್ಳೆಯದು. ಕಲ್ಲಿನ ಮೂಲೆ ಶೀಟು ಕೊಯ್ಯುತ್ತದೆ.

ಇನ್ನೊಂದು ಶತ್ರು ನಿಂತ ನೀರು. ಒಂದು ಚದರ ಮೀಟರ್ ಗುಂಡಿಯಲ್ಲಿ 10 ಸೆಂ.ಮೀ. ನೀರು ನಿಂತರೆ 100 ಕೆಜಿ ಭಾರ. ಅದಕ್ಕೇ ಕಾಫಿಯನ್ನು ಗೋರುಮಣೆಯಿಂದ ಉದ್ದುದ್ದ ಏರಿಯಂತೆ ಎಳೆದು, ಮೇಲೆ ಬಿದಿರಿನ ಅಡ್ಡೆ ನಿಲ್ಲಿಸಿ, ಶೀಟು ಎರಡೂ ಬದಿಗೆ ಇಳಿಜಾರಾಗುವಂತೆ ಹೊದಿಸಬೇಕು. ಏರಿ ಕಣದ ಇಳಿಜಾರಿನ ದಿಕ್ಕಿಗೇ ಇರಲಿ. ಅಡ್ಡ ಹಾಕಿದರೆ ಮೇಲಿನಿಂದ ಹರಿದ ನೀರು ಅಡಿಗೆ ನುಗ್ಗಿ, ಮೇಲೆಲ್ಲ ಒಣಗಿದ್ದರೂ ತಳದ ಕಾಫಿ ಊದಿಕೊಂಡಿರುತ್ತದೆ.

ಬಿದಿರಿನ ಅಡ್ಡೆ ನೀರಿಗಷ್ಟೇ ಅಲ್ಲ, ಬೆವರಿಗೂ ಬೇಕು. ಅರೆ ಒಣಗಿದ ಕಾಫಿಯಿಂದ ಏಳುವ ಹಬೆ ಶೀಟಿನ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಕಾಫಿಯ ಮೇಲೇ ಬೀಳುತ್ತದೆ. ಸುತ್ತಲೂ ಭದ್ರವಾಗಿ ಮುಚ್ಚಿದಷ್ಟೂ ಬೂಷ್ಟು ಬೇಗ. ಎರಡು ತುದಿಗಳಲ್ಲಿ ಗಾಳಿಯಾಡಲು ಬಿಡಿ, ಮಳೆ ಬಿಟ್ಟ ಕೂಡಲೇ ಶೀಟು ತೆಗೆದು ಕೈಯಾಡಿಸಿ. ಅದೇ ದಿನ ಪಲ್ಪ್ ಮಾಡಿದ, ಅಂದರೆ ಹಣ್ಣಿನ ಸಿಪ್ಪೆ ಸುಲಿದ, ಹಸಿ ಪಾರ್ಚ್‌ಮೆಂಟಿಗಂತೂ (ಒಳಹೊಟ್ಟು ಇನ್ನೂ ಇರುವ ಬೀಜ) ಈ ಏರಿಯ ಉಪಾಯ ಕೂಡದು, ಬಿಸಿಯೇರಿ ಹುಳಿ ವಾಸನೆ ಹಿಡಿಯುತ್ತದೆ. ಅದನ್ನು ಸೂರಿನಡಿ ತಂತಿಬಲೆಯ ಮಂಚದ ಮೇಲೆ ತೆಳ್ಳಗೆ ಹರಡಬೇಕು. ಪಾರ್ಚ್‌ಮೆಂಟು ಸುಮಾರು 10 ಶೇಕಡಾ ತೇವಾಂಶಕ್ಕೆ ಇಳಿಯುವವರೆಗೂ ಮೂಟೆ ಕಟ್ಟುವಂತಿಲ್ಲ. ಮೋಡ ಮೂರ್ನಾಲ್ಕು ದಿನ ಸರಿಯದಿದ್ದರೆ ಎಷ್ಟು ದುಬಾರಿ ಟಾರ್ಪಾಲೂ ಕಾಫಿ ಉಳಿಸದು. ಬಾಡಿಗೆ ಡ್ರೈಯರ್ ಹುಡುಕುವುದೇ ಲೇಸು.

ತೂತಾದರೆ ಸೈಕಲ್ ಅಂಗಡಿಯ ಸೊಲ್ಯೂಷನ್ ಹಚ್ಚಬೇಡಿ, ಪಾಲಿಥಿನ್‌ಗೆ ಅದು ಹಿಡಿಯುವುದಿಲ್ಲ. ಜಾಗ ಒರೆಸಿ ಒಣಗಿಸಿ, ಟಾರ್ಪಾಲಿಗೆಂದೇ ಬರುವ ಟೇಪನ್ನು ಎರಡೂ ಬದಿಗೆ ಅಂಟಿಸಿ. ಕೊಯ್ಲು ಮುಗಿದ ಮೇಲೆ ಪೂರ್ತಿ ಒಣಗಿಸಿ, ಮಡಚುವ ಬದಲು ಸುರುಳಿ ಸುತ್ತಿ, ಇಲಿ ಹತ್ತದಂತೆ ತೂಗುಹಾಕಿ.