ಅಣ್ಣನ ರೊಟ್ಟಿ, ವೈನಿಯ ಗಲ್ಲಾ: ಗಂಜ್ ಹತ್ತಿರದ ಒಂದು ಖಾನಾವಳಿ

ಕಲಬುರಗಿಯ ಕಾಳುಕಡಿ ಮಾರುಕಟ್ಟೆಯಾದ ನೆಹರೂ ಗಂಜ್ ಹತ್ತಿರ, ಮೇನ್ ರೋಡಿನಿಂದ ಒಳಗೆ ಹೋಗುವ ಓಣಿಯಲ್ಲಿ ಈ ಖಾನಾವಳಿ ಇದೆ. ಬೋರ್ಡಿನ ಮೇಲೆ ‘ಜೋಳದ ರೊಟ್ಟಿ ಊಟ’ ಅಂತಷ್ಟೇ ಬರೆದಿದೆ. ಒಳಗೆ ಆರು ಟೇಬಲ್. ಗಂಜಿಗೆ ಮಾಲು ತಂದ ರೈತರು, ಹಮಾಲರು, ಅಡತಿ (ದಲ್ಲಾಳಿ) ಅಂಗಡಿಯ ಗುಮಾಸ್ತರು, ಡ್ಯೂಟಿ ಮುಗಿಸಿ ಬರುವ ನನ್ನಂಥ ನರ್ಸ್‌ಗಳು ಎಲ್ಲರೂ ಇಲ್ಲಿ ಉಣ್ಣುತ್ತೇವೆ. ಊಟಕ್ಕೆ 100 ರೂಪಾಯಿ. ರೊಟ್ಟಿ ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದು.

ಊಟ ಚೆನ್ನಾಗಿದೆ. ಎಣಗಾಯಿ ಪಲ್ಯದಲ್ಲಿ ಶೇಂಗಾ, ಗುರೆಳ್ಳು ಎರಡೂ ಇರುತ್ತವೆ, ಎಣ್ಣೆ ತೇಲುವುದಿಲ್ಲ. ಪುಂಡಿ ಪಲ್ಯಕ್ಕೆ ಜೋಳದ ನುಚ್ಚು ಹಾಕಿರುತ್ತಾರೆ, ಹುಳಿ ಸರಿಯಾಗಿರುತ್ತದೆ. ಬೇಳೆ ನಮ್ಮ ಜಿಲ್ಲೆಯ ತೊಗರಿಯದು. 2019ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು) ಸಿಕ್ಕಿದ್ದು ಇದಕ್ಕೇ. ಬೇಗ ಬೇಯುತ್ತದೆ, ಸಾರಿಗೆ ಅದರದೇ ವಾಸನೆ ಬರುತ್ತದೆ. ಜೊತೆಗೆ ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಹಸಿ ಮೆಂತೆ. ಖಾರ ಸ್ವಲ್ಪ ಜಾಸ್ತಿ. ಬೆಂಗಳೂರು ಕಡೆಯವರು ಮೊದಲೇ ಹೇಳಿಬಿಡಿ.

ಆದರೆ ನಾನು ಇದನ್ನು ಬರೆಯಲು ಕೂತಿದ್ದು ರೊಟ್ಟಿಗಾಗಿ. ರೊಟ್ಟಿ ಬಡಿಯುವವರು ಈ ಖಾನಾವಳಿ ನಡೆಸುವ ಅಣ್ಣ. ಗಲ್ಲಾ ಮೇಲೆ ಕೂರುವವರು, ಗಂಜಿನಲ್ಲಿ ಜೋಳ ಖರೀದಿ ಮಾಡುವವರು, ಲೆಕ್ಕ ನೋಡುವವರು ಅವರ ಹೆಂಡತಿ. ನಾವೆಲ್ಲ ಅವರಿಗೆ ವೈನಿ, ಅಂದರೆ ಅತ್ತಿಗೆ, ಅಂತೀವಿ.

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಹೋಟೆಲಿನಲ್ಲಿ ದೋಸೆ ಹಾಕುವವರು ಗಂಡಸರು, ಮದುವೆ ಅಡುಗೆಗೆ ದೊಡ್ಡ ಸೌಟು ಹಿಡಿಯುವವರೂ ಗಂಡಸರೇ. ರೊಟ್ಟಿ ಮಾತ್ರ ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಹೆಂಗಸರ ಕೈಯಲ್ಲೇ ಉಳಿದಿದೆ. ‘ಕಲಬುರಗಿ ರೊಟ್ಟಿ’ ಅಂತ ಬ್ರ್ಯಾಂಡ್ ಮಾಡಿ ಮಾರುತ್ತಿರುವವರೂ ಮಹಿಳಾ ಸಂಘಗಳವರೇ. 2025ರ ಜೂನ್‌ನಲ್ಲಿ ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ಅವರ ಬಗ್ಗೆ ಮಾತಾಡಿದಾಗ ನಮ್ಮ ವಾರ್ಡಿನ ಆಯಾಗಳೆಲ್ಲ ಖುಷಿಪಟ್ಟರು. ನನಗೂ ಹೆಮ್ಮೆಯಾಯಿತು. ಆದರೂ ಆ ಕೆಲಸಕ್ಕೆ ಗಂಡಸರು ಯಾಕೆ ಕೈ ಹಾಕುವುದಿಲ್ಲ ಅನ್ನುವ ಪ್ರಶ್ನೆ ಹಾಗೇ ಇತ್ತು.

ಅಣ್ಣ ಬಡಿಯುವುದನ್ನು ಹತ್ತಿರ ನಿಂತು ನೋಡಬೇಕು. ಜೋಳದಲ್ಲಿ ಗ್ಲುಟೆನ್ ಇಲ್ಲ, ತಣ್ಣೀರಲ್ಲಿ ಕಲಸಿದರೆ ಹಿಟ್ಟು ಕೂಡಿಕೊಳ್ಳುವುದಿಲ್ಲ. ಕುದಿಯುವ ಎಸರು ಹಾಕಿದರೇನೇ ಜಿಗಿ ಬರುವುದು. ಆ ಬಿಸಿ ಆರುವುದರೊಳಗೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಅವರು ಒಂದೊಂದು ರೊಟ್ಟಿಗೆ ಬೇಕಾದಷ್ಟೇ ಹಿಟ್ಟು ಮತ್ತೆ ನಾದಿಕೊಳ್ಳುತ್ತಾರೆ. ಕೆಳಗೆ ಒಣ ಹಿಟ್ಟು ಉದುರಿಸಿ ಬಡಿಯಲು ಶುರು ಮಾಡಿದರೆ ಬಲಗೈ ಬಡಿಯುತ್ತಿರುತ್ತದೆ, ಎಡಗೈ ಅಂಚು ಹಿಡಿದು ತಿರುಗಿಸುತ್ತಿರುತ್ತದೆ. ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ. ನೀರು ಆರುತ್ತಿದ್ದಂತೆ ತಿರುವಿ ಹಾಕುತ್ತಾರೆ. ರೊಟ್ಟಿ ಪೂರ್ತಿ ಉಬ್ಬುತ್ತದೆ, ಅಂಚು ಎಲ್ಲೂ ಬಿರಿಯುವುದಿಲ್ಲ. ಮೇ ತಿಂಗಳಲ್ಲಿ ಹೊರಗೇ 42-43 ಡಿಗ್ರಿ ಇರುವ ಊರಿದು. ಆ ಹಂಚಿನ ಮುಂದೆ ಅವರ ಬನಿಯನ್ ಪೂರ್ತಿ ತೊಯ್ದಿರುತ್ತದೆ. ನಮ್ಮ ಅವ್ವಂದಿರು ಒಲೆ ಮುಂದೆ ಎಷ್ಟು ಬೆಂದಿದ್ದಾರೆ ಅಂತ ಅಣ್ಣನನ್ನು ನೋಡಿದವರಿಗೆ ಗೊತ್ತಾಗುತ್ತದೆ.

ಮೊದಲು ಇಲ್ಲಿಯೂ ಎಲ್ಲ ಕಡೆಯ ಹಾಗೇ ಇತ್ತಂತೆ. ವೈನಿ ಒಳಗೆ, ಅಣ್ಣ ಗಲ್ಲಾ ಮೇಲೆ. ವೈನಿಯ ಬಲ ಭುಜ ಹಿಡಿದುಕೊಂಡು ಕೈ ಎತ್ತಲಿಕ್ಕೇ ಆಗದ ಸ್ಥಿತಿ ಬಂತು. ಬಡಿಯುವುದು ಬಿಡಬೇಕು ಅಂದರು ಡಾಕ್ಟರ್. ಇತ್ತ ಅಣ್ಣನಿಗೆ ಯಾರಿಗೂ ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ. ಉದ್ರಿ ಕೊಟ್ಟು ಕೊಟ್ಟು ಅಂಗಡಿ ಮುಳುಗುವ ಹಂತಕ್ಕೆ ಬಂದಿತ್ತು. “ಸಿಸ್ಟರ್, ನನಗ ಲೆಕ್ಕ ಬರ್ತದ, ಅವರಿಗಿ ತಾಳ್ಮಿ ಅದ. ಇಷ್ಟ ದಿನ ಉಲ್ಟಾ ಕುಂತಿದ್ದೆವು ನೋಡ್ರಿ” ಅಂದರು ವೈನಿ. ಅಣ್ಣನಿಗೆ ರೊಟ್ಟಿ ಕಲಿಸಿದವರೂ ಅವರೇ. ಶುರುವಿನಲ್ಲಿ ಕೆಲವು ಗಿರಾಕಿಗಳು ಎದ್ದು ಹೋದರಂತೆ. ಅಡತಿ ಅಂಗಡಿಯಲ್ಲಿ “ಯಜಮಾನ್ರು ಬಂದಿಲ್ಲೇನ್ರಿ?” ಅಂತ ಕೇಳುತ್ತಿದ್ದರಂತೆ. ಈಗ ವೈನಿ ಮುಷ್ಟಿ ಜೋಳ ತೆಗೆದು, ಒಂದು ಕಾಳು ಹಲ್ಲಿನಲ್ಲಿ ಕಡಿದು ನೋಡಿ, ಮಾಲ್ದಂಡಿ ತಳಿ ಹೌದೋ ಅಲ್ಲವೋ ಅಂತ ಹೇಳಿದರೆ ಯಾರೂ ಎದುರು ಮಾತಾಡುವುದಿಲ್ಲ.

ಗಲ್ಲಾ ಮೇಲೆ ಹೆಂಗಸು ಇರುವುದರಿಂದ ಇನ್ನೊಂದು ಒಳ್ಳೆಯದಾಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಳಂದ, ಅಫಜಲಪುರ, ಸೇಡಂ ಕಡೆಯಿಂದ ಆಸ್ಪತ್ರೆ, ಕಚೇರಿ ಅಂತ ಒಬ್ಬರೇ ಬರುವ ಹೆಂಗಸರು ಜಾಸ್ತಿ. ಬೇರೆ ಕಡೆ ಒಬ್ಬಳೇ ಹೋಗಿ ಕೂತರೆ ಮೂಲೆಯ ಪರದೆ ಹಿಂದೆ ಕಳಿಸುತ್ತಾರೆ, ಇಲ್ಲವೇ ಸುಮ್ನೆ ದಿಟ್ಟಿಸುತ್ತಾರೆ. ಇಲ್ಲಿ ವೈನಿ “ಬರ್ರಿ, ಕುಂದರ್ರಿ” ಅಂತ ನಡುವಿನ ಟೇಬಲಿಗೇ ಕೂರಿಸುತ್ತಾರೆ. ರಾತ್ರಿ ಎಂಟೂವರೆಗೆ ಯೂನಿಫಾರ್ಮಿನಲ್ಲೇ ಹೋಗಿ ಒಬ್ಬಳೇ ಹೊಟ್ಟೆ ತುಂಬ ಉಂಡು ಬರಬಹುದಾದ ಜಾಗ ಈ ಊರಲ್ಲಿ ನನಗೆ ಸಿಕ್ಕಿದ್ದು ಇದೊಂದೇ.

ಮಗನನ್ನೂ ಕರೆದುಕೊಂಡು ಹೋಗಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗ. ತಾನೂ ಬಡಿಯುತ್ತೇನೆ ಅಂದ. ಅಣ್ಣ ಒಂದು ಉಂಡಿ ಕೊಟ್ಟರು. ಅಂಚೆಲ್ಲ ಬಿರಿಯಿತು. “ನಾದೋದು ಕಡಿಮಿ ಆಗ್ಯಾದ, ಇನ್ನೊಂದು ಹಚ್ಚು” ಅಂದರೇ ಹೊರತು ಅಣ್ಣ ನಗಲಿಲ್ಲ. ಮನೆಗೆ ಬಂದು ಹೇಳಿದಾಗ ನಮ್ಮ ಅತ್ತೆಗೆ ಹಿಡಿಸಲಿಲ್ಲ. “ಅವರವರ ಕೆಲಸ ಅವರವರು ಮಾಡಿದ್ರ ಮನಿಯಾಗ ಜಗಳ ಇರಂಗಿಲ್ಲ” ಅಂದರು. ಅತ್ತೆ ಹೇಳುವುದರಲ್ಲಿ ಅರ್ಥ ಇದೆ. ಕೆಲಸ ಮೊದಲೇ ಹಂಚಿಕೆಯಾಗಿದ್ದರೆ ದಿನಾ ಚೌಕಾಸಿ ಇರುವುದಿಲ್ಲ. ಅವರ ಕಾಲದ ಮನೆಗಳು ಹಾಗೇ ನಡೆದವು.

ಆ ಹಂಚಿಕೆ ಮುರಿದು ಬೀಳುವ ದಿನವನ್ನು ನಾನು ವಾರ್ಡಿನಲ್ಲಿ ನೋಡುತ್ತೇನೆ. ಗಂಡನಿಗೆ ತುರ್ತು ಆಪರೇಷನ್ ಆಗಬೇಕು, ಸಹಿ ಹಾಕಿ ಅಂತ ಪೇಪರ್ ಕೊಟ್ಟರೆ ಹೆಂಡತಿ “ಗಂಡಸರು ಬರ್ಲಿ, ತಡೀರಿ” ಅನ್ನುತ್ತಾಳೆ. ಮೈದುನ ಊರಿಂದ ಬರುವವರೆಗೆ ನಾವು ಕಾಯಬೇಕು. ಮನೆಯಲ್ಲಿ ದುಡ್ಡು ಎಲ್ಲಿದೆ, ಪಾಸ್‌ಬುಕ್ ಎಲ್ಲಿದೆ ಅಂತ ಆಕೆಗೆ ಗೊತ್ತಿರುವುದಿಲ್ಲ. ಇನ್ನು ಹೆಂಡತಿ ಸತ್ತ ಮುದುಕರು. ಸಕ್ಕರೆ ಕಾಯಿಲೆ ಇರುತ್ತದೆ, ಒಂದು ಹಿಡಿ ಅನ್ನ ಮಾಡಿಕೊಳ್ಳಲು ಬರುವುದಿಲ್ಲ. ಬನ್ನು, ಚಹಾದ ಮೇಲೇ ದಿನ ದೂಡಿ, ಶುಗರ್ ಏರಿಸಿಕೊಂಡು ಮತ್ತೆ ಅಡ್ಮಿಟ್ ಆಗುತ್ತಾರೆ. ಎಪ್ಪತ್ತು ವರ್ಷ ಬದುಕಿದ ಮನುಷ್ಯನಿಗೆ ತನ್ನ ಹೊಟ್ಟೆಗೆ ಬೇಯಿಸಿಕೊಳ್ಳುವುದನ್ನು ಯಾರೂ ಕಲಿಸಲಿಲ್ಲ ಅಂದರೆ ಅದು ಅವರಿಗೆ ಮಾಡಿದ ಅನ್ಯಾಯವೇ ಅಲ್ವಾ? ಅದಕ್ಕೇ ಗಂಡಸರ ಕೆಲಸ, ಹೆಂಗಸರ ಕೆಲಸ ಅನ್ನುವ ಈ ಗೆರೆ ಅಳಿಸಿದರೆ ಒಳ್ಳೆಯದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಹೆಂಗಸರಿಗಷ್ಟೇ ಅಲ್ಲ, ಗಂಡಸರಿಗೂ.

ಅಳಿಸುವುದು ಎರಡೂ ಕಡೆಯಿಂದ ಆಗಬೇಕು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಲೆಕ್ಕ ತೆಗೆದರೆ, ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ. ಹೆಂಗಸರು ಹೊರಗೆ ದುಡಿಯಲು ಬಂದೆವು, ಒಳಗಿನ ಕೆಲಸ ಹಾಗೇ ಉಳಿಯಿತು. ಅದಕ್ಕೆ ಸಮಾನತೆ ಅಂತ ಹೆಸರಿಟ್ಟರೆ ನಾನು ಒಪ್ಪುವುದಿಲ್ಲ. ಈ ಖಾನಾವಳಿಯಲ್ಲೂ ಕೆಲಸ ಅರ್ಧವೇ ಆಗಿದೆ. ಹಿಂಭಾಗದಲ್ಲಿ ಪಾತ್ರೆ ತಿಕ್ಕುವವರು ಇಬ್ಬರೂ ಹೆಂಗಸರು. ಮನೆಯಲ್ಲಿ ಬಟ್ಟೆ, ಮಕ್ಕಳ ಶಾಲೆ ಇನ್ನೂ ವೈನಿಯ ಪಾಲಿಗೇ ಇದೆ. ಕೇಳಿದೆ. “ಅದೂ ಬರ್ತದ್ರಿ, ನಿಧಾನಕ್ಕ” ಅಂದರು. ಅಣ್ಣ ಒಳಗಿನಿಂದಲೇ “ಬಟ್ಟಿ ನಂದೇ ಇರ್ಲಿ ಇನ್ನ” ಅಂದರು. ಮಾತು ಉಳಿಸಿಕೊಂಡಿದ್ದಾರಾ ಅಂತ ಹೋದಾಗೆಲ್ಲ ವಿಚಾರಿಸುತ್ತೇನೆ, ಬಿಡುವುದಿಲ್ಲ.

ಇನ್ನು ಕುಂದು ಕೊರತೆ. ಕೈ ತೊಳೆಯಲು ಒಂದೇ ನಲ್ಲಿ, ಮಧ್ಯಾಹ್ನ ಅಲ್ಲಿ ಗದ್ದಲ. ಹೆಂಗಸರಿಗೆ ಶೌಚಾಲಯ ಇಲ್ಲ. ದೂರದಿಂದ ಇಷ್ಟೊಂದು ಹೆಂಗಸರು ಬರುವ ಜಾಗದಲ್ಲಿ ಅದು ಇರಲೇಬೇಕು, ವೈನಿಗೆ ನೇರವಾಗಿಯೇ ಹೇಳಿದ್ದೇನೆ. ಬಡಿಯುವವರು ಒಬ್ಬರೇ ಆದ್ದರಿಂದ ಗಿರಾಕಿ ಹೆಚ್ಚಾದರೆ ಬಿಸಿ ರೊಟ್ಟಿಗೆ ಕಾಯಬೇಕಾಗುತ್ತದೆ. ಅವಸರ ಇದ್ದವರಿಗೆ ಕಡಕ್ ರೊಟ್ಟಿ ಕೊಡುತ್ತಾರೆ.

ಮಧ್ಯಾಹ್ನ ಒಂದು ಗಂಟೆಯೊಳಗೆ ಹೋದರೆ ಜಾಗ ಸಿಗುತ್ತದೆ. ಫೋನ್‌ಪೇ ನಡೆಯುತ್ತದೆ, ಉದ್ರಿ ನಡೆಯುವುದಿಲ್ಲ. ಗಂಜ್ ಬಂದ್ ಇರುವ ದಿನ ಇವರದೂ ಬಂದ್. ಶೇಂಗಾ ಹೋಳಿಗೆ ಬೇಕಾದರೆ ಹಿಂದಿನ ದಿನವೇ ಹೇಳಿಡಿ. ಹೋಳಿಗೆ ಆರ್ಡರ್ ಬರೆದುಕೊಳ್ಳುವವರು ವೈನಿ, ಮಾಡುವವರು ಅಣ್ಣ.